ಕಣ್ಣು ಕೊಟ್ಟ ಅಣ್ಣ: ಡಾ. ಎಂ. ಸಿ. ಮೋದಿ



ನಮ್ಮ ಭಿತ್ತಿಪತ್ರಿಕೆಯಲ್ಲಿ ಇಲ್ಲಿಯವರೆಗೆ ಕಿತ್ತೂರು ರಾಣಿ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ ಚರಿತ್ರೆ ಬಂದಿವೆ. ಈ ಸಲ ನಾನು ಒಬ್ಬ ಡಾಕ್ಟರರ ಬಗ್ಗೆ ಬರೆಯುತ್ತಿದ್ದೇನೆ. ಚೆನ್ನಮ್ಮನ ಕೈಯಲ್ಲಿದ್ದಂತೆ ಇವರ ಕೈಯಲ್ಲೂ ಕತ್ತಿ ಇತ್ತು. ಆದರೆ ಅದು ಪೆನ್ಸಿಲ್ಲಿನಷ್ಟು ಸಣ್ಣ ಕತ್ತಿ. ಅದರಿಂದ ಅವರು ಯಾರ ಜೀವವನ್ನೂ ತೆಗೆಯಲಿಲ್ಲ, ಲಕ್ಷಾಂತರ ಜನರ ಕಣ್ಣಿನ ಕತ್ತಲೆ ತೆಗೆದರು. ಅವರು ತೀರಿಕೊಂಡು ಸುಮಾರು ಇಪ್ಪತ್ತು ವರ್ಷ ಆಯಿತು. ಆಗ ನಾವು ಯಾರೂ ಹುಟ್ಟಿರಲಿಲ್ಲ. ಆದರೆ ನಮ್ಮ ಮನೆಯ ಹಿರಿಯರನ್ನು ಕೇಳಿ ನೋಡ್ರಿ, ಮೋದಿ ಡಾಕ್ಟರು ಅಂದ ಕೂಡಲೇ ಅವರಿಗೆ ಗೊತ್ತಾಗುತ್ತದೆ.

ಹುಟ್ಟು ಮತ್ತು ವಿದ್ಯಾಭ್ಯಾಸ

ಅವರ ಪೂರ್ಣ ಹೆಸರು ಮುರಿಗೆಪ್ಪ ಚನ್ನವೀರಪ್ಪ ಮೋದಿ. ಮೋದಿ ಅಂದ ಕೂಡಲೇ ಗುಜರಾತದ ಕಡೆಯವರು ಅಂತ ಯಾರೂ ತಿಳಿಯಬೇಡಿ. ಇವರು ಅಪ್ಪಟ ನಮ್ಮ ಉತ್ತರ ಕರ್ನಾಟಕದವರು. ನಮ್ಮ ಮುಗಳಖೋಡದಿಂದ ಮಹಾಲಿಂಗಪುರ, ಮುಧೋಳ ದಾಟಿ ಇನ್ನೂ ಮುಂದೆ ಹೋದರೆ ಬೀಳಗಿ ಬರುತ್ತದೆ. ಅದೇ ಅವರು ಹುಟ್ಟಿದ ಊರು. ಈಗ ಬೀಳಗಿ ಬಾಗಲಕೋಟೆ ಜಿಲ್ಲೆಯಲ್ಲಿದೆ, ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಅವರು ಹುಟ್ಟಿದ್ದು ಮೊದಲನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಅಕ್ಟೋಬರ್ 4ನೇ ತಾರೀಖು. ಆಗ ನಮ್ಮ ಬೆಳಗಾವಿ, ವಿಜಾಪುರ ಎರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹಳ್ಳಿಗೆ ಕರೆಂಟ್ ಇರಲಿಲ್ಲ, ದವಾಖಾನಿ ಇರಲಿಲ್ಲ, ಬಸ್ಸು ಕಂಡವರೇ ಕಡಿಮೆ. ಅಂಥ ಕಾಲದಲ್ಲಿ ಬೀಳಗಿಯ ಹುಡುಗ ಬೆಳಗಾವಿಗೆ ಬಂದು ವೈದ್ಯ ವಿದ್ಯೆ ಕಲಿತರು. ಆಮೇಲೆ ಮುಂಬಯಿಗೆ ಹೋಗಿ ಕಣ್ಣಿನ ಚಿಕಿತ್ಸೆಯನ್ನೇ ವಿಶೇಷವಾಗಿ ಕಲಿತರು. ಮುಂಬಯಿಯಲ್ಲೇ ಇದ್ದಿದ್ದರೆ ದೊಡ್ಡ ದವಾಖಾನಿ ಹಾಕಿ, ಮೋಟಾರು ಬಂಗಲೆ ಮಾಡಿಕೊಂಡು ಸುಖವಾಗಿ ಇರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಕಣ್ಣಿನ ಪೊರೆ ಅಂದರೇನು ಅಂತ ತಿಳಿಯಬೇಕು.

ಪೊರೆ ಅಂದರೆ ಏನು?

ನಮ್ಮ ಕಣ್ಣಿನ ನಡುವೆ ಕರಿ ಬೊಟ್ಟಿನ ಹಾಗೆ ಕಾಣುತ್ತದಲ್ಲ, ಅದರ ಹಿಂದೆ ಒಂದು ಸಣ್ಣ ಮಸೂರ ಇದೆ. ಅದು ನೀರಿನ ಹನಿಯಂತೆ ತಿಳಿಯಾಗಿರುತ್ತದೆ. ಬೆಳಕು ಅದರೊಳಗಿಂದ ಹಾದು ಕಣ್ಣಿನ ಹಿಂದಿನ ಪರದೆಯ ಮೇಲೆ ಬೀಳುತ್ತದೆ. ವಯಸ್ಸಾದಂತೆ ಈ ಮಸೂರ ಮಬ್ಬಾಗುತ್ತಾ ಹೋಗುತ್ತದೆ. ಅದಕ್ಕೇ ಪೊರೆ ಅನ್ನುತ್ತಾರೆ. ನಮ್ಮ ಗಡಿ ಸೀಮೆಯಲ್ಲಿ ಮೋತಿಬಿಂದು ಅನ್ನುವವರೇ ಹೆಚ್ಚು. ಸಕ್ಕರೆ ರೋಗ ಇದ್ದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಇದು ಬೇಗ ಬರಬಹುದು.

ತುಂಬಾ ಜನ ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆದ ತೊಗಲು, ಹನಿ ಹಾಕಿದರೆ ಕರಗುತ್ತದೆ ಅಂತ ತಿಳಿದಿದ್ದಾರೆ. ಅದು ಸುಳ್ಳು. ಕೋಳಿ ತತ್ತಿಯನ್ನು ಒಡೆದರೆ ಬಿಳಿ ಭಾಗ ನೀರಿನಂತೆ ತಿಳಿಯಾಗಿರುತ್ತದೆ. ಕುದಿಸಿದರೆ ಬೆಳ್ಳಗಾಗುತ್ತದೆ. ಕುದಿಸಿದ ತತ್ತಿಗೆ ಏನು ಹಾಕಿದರೂ ಮತ್ತೆ ತಿಳಿಯಾಗುವುದಿಲ್ಲ. ಕಣ್ಣಿನ ಮಸೂರದ್ದೂ ಹಾಗೇ. ಅದನ್ನು ತೆಗೆಯುವುದೊಂದೇ ದಾರಿ. ತಪ್ಪಲಿನ ರಸ, ಜೇನುತುಪ್ಪ, ಎಣ್ಣೆ ಹಾಕಿದರೆ ಪೊರೆ ಹೋಗುವುದಿಲ್ಲ, ಇದ್ದ ಕಣ್ಣಿಗೂ ಹುಣ್ಣಾಗುತ್ತದೆ.

ನಮ್ಮ ದೇಶದಲ್ಲಿ ಸುಶ್ರುತನ ಕಾಲದಿಂದಲೂ ಒಂದು ಪದ್ಧತಿ ಇತ್ತು. ಸೂಜಿಯಂಥ ಉಪಕರಣದಿಂದ ಮಬ್ಬಾದ ಮಸೂರವನ್ನು ಕಣ್ಣಿನೊಳಗೇ ಪಕ್ಕಕ್ಕೆ ಸರಿಸುತ್ತಿದ್ದರು. ಕೂಡಲೇ ಬೆಳಕು ಕಾಣುತ್ತಿತ್ತು. ಆದರೆ ಅನೇಕರಿಗೆ ಆಮೇಲೆ ಕಣ್ಣು ಕೆಟ್ಟು ಪೂರಾ ಕುರುಡಾಗುತ್ತಿತ್ತು. ಅಷ್ಟೊತ್ತಿಗೆ ಊರೂರು ತಿರುಗುವ ವೈದ್ಯ ಮುಂದಿನ ಊರಿಗೆ ಹೋಗಿರುತ್ತಿದ್ದ! ಫ್ರಾನ್ಸ್ ದೇಶದ ಡಾಕ್ಟರ್ ಜಾಕ್ ದಾವಿಯೇಲ್ ಅವರು 1747ರಲ್ಲಿ ಮಸೂರವನ್ನು ಕಣ್ಣಿನಿಂದ ಹೊರಗೇ ತೆಗೆದು ತೋರಿಸಿದರು. ಅಲ್ಲಿಂದ ಈ ಆಪರೇಶನ್ ಸುಧಾರಿಸುತ್ತಾ ಬಂತು.

ಅಂದರೆ ಮೋದಿಯವರು ಡಾಕ್ಟರ್ ಆಗುವ ಹೊತ್ತಿಗೆ ಪೊರೆ ತೆಗೆಯುವ ವಿದ್ಯೆ ಹೊಸದಾಗಿರಲಿಲ್ಲ. ವಿದ್ಯೆ ಪಟ್ಟಣದಲ್ಲಿತ್ತು, ಕುರುಡರು ಹಳ್ಳಿಯಲ್ಲಿದ್ದರು. ನಡುವೆ ದಾರಿ ಇರಲಿಲ್ಲ, ರೊಕ್ಕ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಹಳ್ಳಿಯ ದಾರಿ ಹಿಡಿದರು

1942ರಲ್ಲಿ ಮುಂಬಯಿಯಲ್ಲಿ ಚಲೇಜಾವ್ ಚಳವಳಿ ಶುರುವಾಯಿತು. ಆ ಕಾಲದಲ್ಲಿ ಗಾಂಧೀಜಿಯವರ ಮಾತು ಕೇಳಿ ತರುಣ ಮೋದಿಯವರ ಮನಸ್ಸು ತಿರುಗಿತು ಅಂತ ಹೇಳುತ್ತಾರೆ. ಸ್ವಾತಂತ್ರ್ಯ ಬರುವುದಕ್ಕೆ ಹೋರಾಡುವವರು ಬೇಕು, ಸರಿ. ಆದರೆ ಸ್ವಾತಂತ್ರ್ಯ ಬಂದ ದಿನ ಏರುವ ಬಾವುಟವನ್ನು ನೋಡಲಿಕ್ಕೆ ಬಡವರಿಗೆ ಕಣ್ಣೂ ಬೇಕಲ್ಲ? ಹೀಗಂತ ಅವರು ಅಂದುಕೊಂಡರೋ ಇಲ್ಲವೋ, ಬರೆಯುವಾಗ ನನಗೆ ಅನ್ನಿಸಿದ್ದು ಇದು.

ಮರು ವರ್ಷ, 1943ರಲ್ಲಿ, ಉತ್ತರ ಗುಜರಾತದ ಪಾಟಣ ಎಂಬಲ್ಲಿ ಅವರು ಮೊದಲ ಉಚಿತ ನೇತ್ರ ಶಿಬಿರ ನಡೆಸಿದರು. ಅಲ್ಲಿಂದ ಶುರುವಾದದ್ದು ಐವತ್ತು ವರ್ಷದ ಮೇಲೂ ನಿಲ್ಲಲಿಲ್ಲ. ರೋಗಿ ಡಾಕ್ಟರರ ಹತ್ತಿರ ಬರಲಿ ಅಂತ ಕಾಯದೆ ಡಾಕ್ಟರೇ ರೋಗಿಯ ಊರಿಗೆ ಹೋಗಬೇಕು ಎನ್ನುವುದು ಅವರ ಪದ್ಧತಿ. ಆಪರೇಶನ್ನಿನ ಸಾಮಾನು ತುಂಬಿಕೊಂಡು ಊರಿಂದ ಊರಿಗೆ ಹೋಗುವ ಸಂಚಾರಿ ಕಣ್ಣಿನ ದವಾಖಾನಿ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು.

ಶಿಬಿರ ಹೇಗೆ ನಡೆಯುತ್ತಿತ್ತು?

ಆ ಕಾಲದ ಶಿಬಿರಗಳ ಬಗ್ಗೆ ನಮ್ಮ ಓಣಿಯ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಊರಿನ ಸಾಲಿ, ಛತ್ರ ಅಥವಾ ಧರ್ಮಶಾಲೆಯನ್ನು ತೊಳೆದು ಬಳಿದು ಸಜ್ಜು ಮಾಡುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದರು. ಚಕ್ಕಡಿ ಕಟ್ಟಿಕೊಂಡು, ಮುದುಕರನ್ನು ಹೆಗಲ ಮೇಲೆ ಹೊತ್ತುಕೊಂಡು ಜನ ಬರುತ್ತಿದ್ದರು. ಊರಿನ ವ್ಯಾಪಾರಿಗಳು ಜೋಳ, ಅಕ್ಕಿ, ಬೇಳೆ ಕೊಡುತ್ತಿದ್ದರು. ತರುಣರು ನೀರು ಹೊರುವುದು, ಅಡಿಗೆ ಮಾಡುವುದು, ರೋಗಿಗಳ ಕೈ ಹಿಡಿದು ನಡೆಸುವುದು ಮಾಡುತ್ತಿದ್ದರು.

ಮೊದಲು ಎಲ್ಲರ ಕಣ್ಣನ್ನೂ ಬ್ಯಾಟರಿ ಹಚ್ಚಿ ನೋಡುತ್ತಿದ್ದರು. ಕೆಲವರಿಗೆ ಹನಿ, ಕೆಲವರಿಗೆ ಚಷ್ಮಾ. ಪೊರೆ ಬಂದವರನ್ನು ಮಾತ್ರ ಆಪರೇಶನ್ನಿಗೆ ಆರಿಸುತ್ತಿದ್ದರು. ಕಣ್ಣಿನ ಪಕ್ಕದಲ್ಲಿ ಸೂಜಿ ಮಾಡಿ ಕಣ್ಣು ಜೋಮು ಹಿಡಿಸುತ್ತಿದ್ದರು. ಆಮೇಲೆ ಕಪ್ಪು ಗುಡ್ಡೆಯ ಅಂಚಿನಲ್ಲಿ ಅರ್ಧ ಚಂದ್ರನ ಆಕಾರದಲ್ಲಿ ಕೊಯ್ದು ಮಬ್ಬಾದ ಮಸೂರವನ್ನು ಹೊರಗೆ ತೆಗೆಯುತ್ತಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿ ಸಾಲಾಗಿ ಮಲಗಿಸುತ್ತಿದ್ದರು. ಕೆಮ್ಮಬಾರದು, ಬಗ್ಗಬಾರದು, ತಲೆ ಅಲುಗಿಸಬಾರದು. ಹೀಗೆ ಎಷ್ಟೋ ದಿನ ಅಲ್ಲೇ ಇರಬೇಕಾಗುತ್ತಿತ್ತು. ಪಟ್ಟಿ ಬಿಚ್ಚಿದ ದಿನ ಶಿಬಿರದಲ್ಲಿ ಹಬ್ಬದ ಹಾಗೆ ಇರುತ್ತಿತ್ತಂತೆ. ಮೊಮ್ಮಕ್ಕಳ ಮುಖವನ್ನೇ ನೋಡಿರದ ಮುದುಕಿಯರು ಮೊದಲ ಸಲ ನೋಡಿ ಅಳುತ್ತಿದ್ದರಂತೆ.

ಒಂದು ಸಣ್ಣ ಲೆಕ್ಕ

ಮೋದಿಯವರ ಹೆಸರು ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಬಂದಿದೆ. ಒಂದೇ ದಿನದಲ್ಲಿ 833 ಪೊರೆ ಆಪರೇಶನ್! 1993ರ ಫೆಬ್ರುವರಿಯವರೆಗೆ ಅವರ ಸೇವೆ ಮುಟ್ಟಿದ ಹಳ್ಳಿಗಳು 46,120. ನೋಡಿದ ರೋಗಿಗಳು 1,21,18,630. ಮಾಡಿದ ಆಪರೇಶನ್ 6,10,564.

ಈ ಸಂಖ್ಯೆಗಳನ್ನು ಬರೆದುಕೊಂಡು ನಾನು ನೋಟುಬುಕ್ಕಿನಲ್ಲಿ ಲೆಕ್ಕ ಹಾಕಿದೆ. ನೀವೂ ಹಾಕಿ ನೋಡ್ರಿ. ಒಂದು ದಿನಕ್ಕೆ 1440 ನಿಮಿಷ. ಊಟ ನಿದ್ದೆ ಬಿಟ್ಟು ಇಪ್ಪತ್ನಾಲ್ಕು ತಾಸು ನಿಂತರೂ 833 ಆಪರೇಶನ್ ಅಂದರೆ 1 ನಿಮಿಷ 44 ಸೆಕೆಂಡಿಗೆ ಒಂದು ಆಯಿತು. ಒಬ್ಬರೇ ಎಲ್ಲ ಕೆಲಸ ಮಾಡಿದರೆ ಇದು ಆಗುವ ಮಾತಲ್ಲ. ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗ್ ನೋಡಿದ್ದೀರಲ್ಲ? ಒಬ್ಬ ಕಡಿಯುತ್ತಾನೆ, ಒಬ್ಬ ರವದಿ ಸುಲಿಯುತ್ತಾನೆ, ಒಬ್ಬ ಹೊರೆ ಕಟ್ಟುತ್ತಾನೆ, ಒಬ್ಬ ಟ್ರ್ಯಾಕ್ಟರಿಗೆ ಹೇರುತ್ತಾನೆ. ಹಾಗೆಯೇ ಇಲ್ಲಿ ಒಬ್ಬರು ಕಣ್ಣು ತೊಳೆಯುವುದು, ಒಬ್ಬರು ಸೂಜಿ ಮಾಡುವುದು, ಒಬ್ಬರು ಪಟ್ಟಿ ಕಟ್ಟುವುದು. ಡಾಕ್ಟರು ಕೊಯ್ಯುವ ಕೆಲಸ ಮಾತ್ರ ಮಾಡಿ ಮುಂದಿನ ಟೇಬಲ್ಲಿಗೆ ಹೋಗುವುದು.

ಇನ್ನೊಂದು ಲೆಕ್ಕ. ಐವತ್ತು ವರ್ಷ ಒಂದು ದಿನವೂ ಸೂಟಿ ಇಲ್ಲದೆ ದುಡಿದರೆ ದಿನಕ್ಕೆ 33 ಆಪರೇಶನ್ ಬೀಳುತ್ತವೆ. ನೋಡಿದ ರೋಗಿಗಳು ದಿನಕ್ಕೆ 664!

ಮೂರನೆಯ ಲೆಕ್ಕ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿತು. ನೋಡಿದ ರೋಗಿಗಳ ಸಂಖ್ಯೆಯನ್ನು ಆಪರೇಶನ್ ಸಂಖ್ಯೆಯಿಂದ ಭಾಗಿಸಿದರೆ ಹತ್ತಿರ ಹತ್ತಿರ 20 ಬರುತ್ತದೆ. ಅಂದರೆ ಅವರು ಇಪ್ಪತ್ತು ಮಂದಿಯನ್ನು ನೋಡಿದಾಗ ಒಂದು ಆಪರೇಶನ್ ಮಾಡಿದರು. ಎಲ್ಲರೂ 833 ಎನ್ನುವ ಸಂಖ್ಯೆಯನ್ನೇ ಹೇಳುತ್ತಾರೆ. ಆದರೆ ಆ ಒಬ್ಬರನ್ನು ಹುಡುಕಲಿಕ್ಕೆ ಇಪ್ಪತ್ತು ಮಂದಿಯ ಕಣ್ಣಿನೊಳಗೆ ಬೆಳಕು ಹಾಕಿ ನೋಡಬೇಕಾಯಿತಲ್ಲ, ಅದೇ ಅವರ ನಿಜವಾದ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ.

ಮುತ್ಯಾನ ಚಷ್ಮಾ

ನಮ್ಮ ಆಯಿಯ ತಂದೆ, ಅಂದರೆ ನಮ್ಮ ಮುತ್ಯಾನ ಆಪರೇಶನ್ ಇಂಥದೇ ಒಂದು ಶಿಬಿರದಲ್ಲಿ ಆಗಿತ್ತು. ಅವರ ಚಷ್ಮಾ ಇನ್ನೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಅದರ ಗಾಜು ಬಾಟಲಿಯ ತಳದ ಹಾಗೆ ದಪ್ಪ. ಬಿಸಿಲಿನಲ್ಲಿ ಹಿಡಿದರೆ ಭೂತಗನ್ನಡಿಯಂತೆ ಕಾಗದ ಸುಡುತ್ತದೆ. ಅಷ್ಟು ದಪ್ಪ ಯಾಕೆ? ಆಗಿನ ಆಪರೇಶನ್ನಿನಲ್ಲಿ ಕಣ್ಣಿನ ಮಸೂರ ತೆಗೆಯುತ್ತಿದ್ದರು, ಅದರ ಬದಲು ಒಳಗೆ ಏನೂ ಇಡುತ್ತಿರಲಿಲ್ಲ. ಹೋದ ಮಸೂರದ ಕೆಲಸವನ್ನು ಚಷ್ಮಾ ಮಾಡಬೇಕಿತ್ತು. ಅದರ ನಂಬರ್ ಪ್ಲಸ್ 10ರ ಆಸುಪಾಸು ಇರುತ್ತಿತ್ತು. ಹತ್ತನೇ ಇಯತ್ತೆಯ ವಿಜ್ಞಾನದಲ್ಲಿ ಡಯಾಪ್ಟರ್ ಲೆಕ್ಕ ಬರುತ್ತದೆ. ಅದರ ಪ್ರಕಾರ ಪ್ಲಸ್ 10 ಅಂದರೆ ಸಂಗಮ ದೂರ 10 ಸೆಂಟಿಮೀಟರ್.

ಆ ಚಷ್ಮಾದಲ್ಲಿ ಎಲ್ಲ ವಸ್ತುಗಳೂ ದೊಡ್ಡದಾಗಿ, ಹತ್ತಿರ ಬಂದ ಹಾಗೆ ಕಾಣುತ್ತವೆ. ಪಕ್ಕದಲ್ಲಿ ಇದ್ದದ್ದು ಡೊಂಕಾಗುತ್ತದೆ ಇಲ್ಲವೇ ಮಾಯವಾಗುತ್ತದೆ. ಮುತ್ಯಾ ಮೊದಮೊದಲು ನೀರಿನ ಚರಿಗೆ ಹಿಡಿಯಲಿಕ್ಕೆ ಹೋಗಿ ಗಾಳಿಯನ್ನೇ ಹಿಡಿಯುತ್ತಿದ್ದರಂತೆ. ಚಷ್ಮಾ ಒಡೆದರೆ ಮತ್ತೆ ಕುರುಡು. ಆದರೂ ಕೋಲು ಹಿಡಿದು ಒಬ್ಬರ ಕೈಗೆ ಬಿದ್ದಿದ್ದವರು ಮತ್ತೆ ತಾವೇ ಹೊಲಕ್ಕೆ ಹೋದರು, ಎತ್ತಿನ ಹಗ್ಗ ಹಿಡಿದರು. ಬಡವನಿಗೆ ಕಣ್ಣು ಅಂದರೆ ಕೂಲಿ, ಕಣ್ಣು ಅಂದರೆ ಮಾನ. ಮೋದಿಯವರಂಥ ಡಾಕ್ಟರರು ಕೊಟ್ಟದ್ದು ಅದನ್ನು. ಅದಕ್ಕೇ ಜನ ಮೋದಿಯವರನ್ನು ಪ್ರೀತಿಯಿಂದ ಕಣ್ಣು ಕೊಟ್ಟ ಅಣ್ಣ ಅಂತ ಕರೆದರು.

ಕಣ್ಣಿನೊಳಗೇ ಮಸೂರ ಇಡುವ ಪದ್ಧತಿ ಆಗಲೇ ಇಂಗ್ಲೆಂಡಿನಲ್ಲಿ ಹುಟ್ಟಿತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿ ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿನಲ್ಲಿ ಸಿಕ್ಕಿದ್ದವು. ಆ ಚೂರು ಒಳಗೇ ಉಳಿದರೂ ಕಣ್ಣು ಕೆಡಲಿಲ್ಲ ಎನ್ನುವುದನ್ನು ಹೆರಾಲ್ಡ್ ರಿಡ್ಲಿ ಎನ್ನುವ ಡಾಕ್ಟರು ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರ ಮಾಡಿಸಿ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿದರು. ಮೊದಲು ಎಷ್ಟೋ ಡಾಕ್ಟರರು ಅವರನ್ನು ವಿರೋಧಿಸಿದರು. ಆ ಮಸೂರ ಬಡವರಿಗೆ ಸಿಗಲಿಕ್ಕೆ ನಲವತ್ತು ವರ್ಷದ ಮೇಲೆ ಹಿಡಿಯಿತು. ಮದುರೈಯಲ್ಲಿ ಡಾ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಮಸೂರ ತಯಾರಿಸುವ ತಮ್ಮದೇ ಕಾರ್ಖಾನೆ ಹಾಕಿದರು. ಅಲ್ಲಿಂದ ಅದರ ಬೆಲೆ ಬಹಳ ಇಳಿಯಿತು.

ಗೌರವ ಮತ್ತು ಕೊನೆಯ ದಿನಗಳು

ಭಾರತ ಸರಕಾರ ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟು ಗೌರವಿಸಿತು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಧರ್ಮಾರ್ಥ ಕಣ್ಣಿನ ಆಸ್ಪತ್ರೆ ಸ್ಥಾಪನೆಯಾಯಿತು. 2005ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ತೊಂಬತ್ತರ ಹತ್ತಿರ ವಯಸ್ಸು.

ಈ ಲೇಖನ ಬರೆಯುವಾಗ ನನ್ನ ಒಬ್ಬ ಗೆಳೆಯ ಒಂದು ಪ್ರಶ್ನೆ ಕೇಳಿದ. ಒಂದು ದಿನಕ್ಕೆ ಅಷ್ಟು ಆಪರೇಶನ್ ಮಾಡುವುದು ಸರಿಯೇ, ಕಣ್ಣಿಗೆ ಕೀವು ಆದರೆ ಏನು ಗತಿ ಅಂತ. ಇದು ಕೇಳಲೇಬೇಕಾದ ಪ್ರಶ್ನೆ. ನಮ್ಮ ದೇಶದಲ್ಲಿ ಕೆಲವು ಕಡೆ ಶಿಬಿರದಲ್ಲಿ ಆಪರೇಶನ್ ಆದವರಿಗೆ ನಂಜು ತಗಲಿ ಕಣ್ಣು ಹೋದ ಸಂಗತಿಗಳು ನಡೆದಿವೆ. ಸಾಲಿಯ ಕೋಣೆಯನ್ನು ಎಷ್ಟು ತೊಳೆದರೂ ಅದು ಆಪರೇಶನ್ ಥೇಟರ್ ಆಗುವುದಿಲ್ಲ. ಅದಕ್ಕೇ ಮೆಲ್ಲಗೆ ಪದ್ಧತಿ ಬದಲಾಯಿತು. ಈಗ ಶಿಬಿರದಲ್ಲಿ ಕಣ್ಣು ಪರೀಕ್ಷೆ ಮಾತ್ರ ಮಾಡುತ್ತಾರೆ, ಆಪರೇಶನ್ನಿಗೆ ದವಾಖಾನಿಗೇ ಕರೆದುಕೊಂಡು ಹೋಗುತ್ತಾರೆ. ಮೋದಿಯವರ ಕಾಲದಲ್ಲಿ ಶಿಬಿರ ಇಲ್ಲ ಅಂದರೆ ಹಳ್ಳಿಯವರಿಗೆ ಬೇರೆ ದಾರಿಯೇ ಇರಲಿಲ್ಲ. ಈಗ ದಾರಿ ಇದೆ. ಆದ್ದರಿಂದ ಅವರ ಆಪರೇಶನ್ ಪದ್ಧತಿ ಹಳೆಯದಾಯಿತು. ಹಳ್ಳಿಗೆ ಹೋಗಿ ಕಣ್ಣು ನೋಡುವ ಪದ್ಧತಿ ಮಾತ್ರ ಇನ್ನೂ ಹಳೆಯದಾಗಿಲ್ಲ.

ಈಗಿನ ಕಣ್ಣಿನ ದವಾಖಾನಿ

ಇದು ನನಗೆ ಹೇಗೆ ಗೊತ್ತಾಯಿತು ಅಂದರೆ, ಹೋದ ವರ್ಷ ನಮ್ಮ ಆಯಿಯ ಜೊತೆ ನಾನು ಒಂದು ಕಣ್ಣಿನ ದವಾಖಾನಿಗೆ ಹೋಗಿದ್ದೆ. ಆಯಿಗೆ ಎರಡು ವರ್ಷದಿಂದ ಕಣ್ಣು ಮಂಜು. ಅಪ್ಪ ಎಷ್ಟು ಕರೆದರೂ ಈ ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ, ನಿಮ್ಮ ಅತ್ತೆಯ ಬಾಣಂತನ ಮುಗಿಯಲಿ ಅನ್ನುತ್ತಿದ್ದರು. ಮೋತಿಬಿಂದು ಹಣ್ಣಾಗಲಿ, ಆಮೇಲೆ ತೆಗೆಸಿದರಾಯಿತು ಅಂತ ಓಣಿಯವರೂ ಹೇಳಿದ್ದರು. ಒಳಗೆ ಇದ್ದದ್ದು ಅಂಜಿಕೆ.

ಅಲ್ಲಿ ನೋಡಿದ ಯಂತ್ರಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಅಕ್ಷರದ ಫಲಕ. ಮೇಲೆ ದೊಡ್ಡ ಅಕ್ಷರ, ಕೆಳಗೆ ಹೋದಂತೆ ಸಣ್ಣದು. ಇದನ್ನು 1862ರಲ್ಲಿ ಹಾಲೆಂಡಿನ ಸ್ನೆಲೆನ್ ಎಂಬ ಡಾಕ್ಟರು ಮಾಡಿದರು. ಓದು ಬಾರದವರಿಗೆ ಬೇರೆ ಫಲಕ ಇರುತ್ತದೆ. ಅದರಲ್ಲಿ ಗೆರೆಗಳು ಯಾವ ಕಡೆ ಬಾಯಿ ತೆರೆದಿವೆ ಅಂತ ಕೈಯಿಂದ ತೋರಿಸಿದರೆ ಸಾಕು. ಆಯಿ ಅದನ್ನೇ ತೋರಿಸಿದರು.

ಎರಡನೆಯದು ಸ್ಲಿಟ್ ಲ್ಯಾಂಪ್. ಗದ್ದವನ್ನು ಒಂದು ಪಟ್ಟಿಯ ಮೇಲೆ ಇಟ್ಟು ಹಣೆ ಒತ್ತಿ ಕೂಡಬೇಕು. ಸಣ್ಣ ಸೀಳಿನಂಥ ಬೆಳಕು ಕಣ್ಣಿನೊಳಗೆ ಬೀಳುತ್ತದೆ. ಬಾಗಿಲ ಸಂದಿಯಿಂದ ಬಿಸಿಲು ಬಂದಾಗ ಗಾಳಿಯಲ್ಲಿನ ಧೂಳು ಕಾಣುತ್ತದಲ್ಲ, ಹಾಗೆ ಆ ಬೆಳಕಿನಲ್ಲಿ ಕಣ್ಣಿನ ಪದರ ಪದರವೂ ಡಾಕ್ಟರಿಗೆ ದೊಡ್ಡದಾಗಿ ಕಾಣುತ್ತದೆ. ಇದನ್ನು 1911ರಲ್ಲಿ ಸ್ವೀಡನ್ನಿನ ಗುಲ್‌ಸ್ಟ್ರಾಂಡ್ ಎಂಬುವರು ತೋರಿಸಿದರು. ಪೊರೆ ಎಷ್ಟು ಬಂದಿದೆ ಅಂತ ಇದರಲ್ಲೇ ಗೊತ್ತಾಗುವುದು.

ಮೂರನೆಯದು ಟೋನೋಮೀಟರ್. ಸೈಕಲ್ ಟ್ಯೂಬಿನಲ್ಲಿ ಗಾಳಿಯ ಒತ್ತಡ ಇರುವ ಹಾಗೆ ಕಣ್ಣಿನೊಳಗೆ ನೀರಿನ ಒತ್ತಡ ಇರುತ್ತದೆ. ಸಾಮಾನ್ಯವಾಗಿ ಅದು 10ರಿಂದ 21ರವರೆಗೆ ಇರಬೇಕು. ಬಿ.ಪಿ. ಅಳೆಯುವ ಹಾಗೆ ಇದನ್ನೂ ಪಾದರಸದ ಮಿಲಿಮೀಟರಿನಲ್ಲಿ ಅಳೆಯುತ್ತಾರೆ.

ನಾಲ್ಕನೆಯದು ಕಣ್ಣಿನ ತಳ ನೋಡುವ ಯಂತ್ರ, ಆಫ್ತಾಲ್ಮೋಸ್ಕೋಪ್. ಹನಿ ಹಾಕಿ ಅರ್ಧ ತಾಸು ಕೂಡಿಸಿ ಪಾಪೆ ಅಗಲ ಮಾಡಿ ನೋಡುತ್ತಾರೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆ ಜೀವಂತ ಮನುಷ್ಯನ ಕಣ್ಣಿನ ಒಳ ಪರದೆಯನ್ನೂ, ಮಿದುಳಿಗೆ ಹೋಗುವ ನರವನ್ನೂ ಸರಿಯಾಗಿ ನೋಡಲಿಕ್ಕೆ ಸಾಧ್ಯವಾಯಿತು.

ಐದನೆಯದು ಎ-ಸ್ಕ್ಯಾನ್. ಅಂಗಿ ಹೊಲಿಯುವ ಮೊದಲು ದರ್ಜಿ ಅಳತೆ ತೆಗೆದುಕೊಳ್ಳುವುದಿಲ್ಲವೇ? ಹಾಗೆ ನಮಗೆ ಕೇಳಿಸದಂಥ ಶಬ್ದದ ಅಲೆ ಬಿಟ್ಟು ಕಣ್ಣಿನ ಉದ್ದ ಅಳೆಯುತ್ತಾರೆ. ದೊಡ್ಡವರ ಕಣ್ಣು ಸುಮಾರು 23-24 ಮಿಲಿಮೀಟರ್ ಉದ್ದ. ಈ ಅಳತೆ ಮತ್ತು ಕಣ್ಣಿನ ಮುಂಭಾಗದ ಉಬ್ಬಿನ ಅಳತೆ ಎರಡನ್ನೂ ಸೇರಿಸಿ ಯಾವ ನಂಬರಿನ ಮಸೂರ ಒಳಗೆ ಇಡಬೇಕು ಅಂತ ಲೆಕ್ಕ ಹಾಕುತ್ತಾರೆ.

ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಅಪ್ಪನಿಗೆ ತಿಳಿಸಿ ಹೇಳಿದರು. ಬಲಗಣ್ಣಿನಲ್ಲಿ ಪೊರೆ ಇದೆ, ಆಪರೇಶನ್ ಮಾಡಿದರೆ ಕಾಣುತ್ತದೆ. ಎಡಗಣ್ಣಿನಲ್ಲಿಯೂ ಪೊರೆ ಇದೆ, ಆದರೆ ಅದರ ಜೊತೆಗೆ ಒಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ. ಇದಕ್ಕೆ ಗ್ಲಾಕೋಮಾ ಅನ್ನುತ್ತಾರೆ, ನಮ್ಮ ಕಡೆ ಕಾಚಬಿಂದು ಅನ್ನುವುದೂ ಇದಕ್ಕೇ. ಪೊರೆಯಿಂದ ಹೋದ ದೃಷ್ಟಿ ತಿರುಗಿ ಬರುತ್ತದೆ, ಇದರಿಂದ ಹೋದದ್ದು ಬರುವುದಿಲ್ಲ. ಹನಿ ಹಾಕಿ ಉಳಿದದ್ದನ್ನು ಕಾಯಬಹುದು ಅಷ್ಟೇ. ಮೊದಲೇ ಗೊತ್ತಾಗಿದ್ದರೆ ಹನಿಯಿಂದಲೇ ಎಷ್ಟೋ ದೃಷ್ಟಿ ಉಳಿಸಬಹುದಿತ್ತಂತೆ. ಇದು ಬಹಳ ಜನರಿಗೆ ನೋವಿಲ್ಲದೆ ಬರುವ ರೋಗ. ಹೊರಗಿನಿಂದ ಮನೆಯವರಿಗೆ ಎರಡೂ ಕಣ್ಣು ಒಂದೇ ರೀತಿ ಕಾಣುತ್ತಿದ್ದವು. ಎಲ್ಲರೂ ಎರಡೂ ಮೋತಿಬಿಂದು ಅಂತಲೇ ತಿಳಿದಿದ್ದರು.

ಆಯಿಯ ಬಲಗಣ್ಣಿನ ಆಪರೇಶನ್ ಆಯಿತು. ಮುತ್ಯಾನ ಕಾಲದಲ್ಲಿ ಹತ್ತು ಹನ್ನೆರಡು ಮಿಲಿಮೀಟರ್ ಕೊಯ್ಯುತ್ತಿದ್ದರು, ಈಗ ಮೂರು ಮಿಲಿಮೀಟರಿಗಿಂತ ಕಡಿಮೆ. ದೊಡ್ಡ ಮೈಕ್ರೋಸ್ಕೋಪಿನ ಕೆಳಗೆ ಮಲಗಿಸಿ, ಶಬ್ದದ ಅಲೆಯಿಂದ ಪೊರೆಯನ್ನು ಪುಡಿ ಮಾಡಿ ಹೀರಿಕೊಂಡು, ಮಡಚಿದ ಮಸೂರವನ್ನು ಸಣ್ಣ ಕೊಳವೆಯಿಂದ ಒಳಗೆ ಬಿಡುತ್ತಾರೆ. ಒಳಗೆ ಹೋಗಿ ಅದು ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ಹಾಕಲಿಲ್ಲ. ಅದೇ ದಿನ ಮನೆಗೆ ಕಳಿಸಿದರು. ಪೊರೆ ಬಹಳ ಗಟ್ಟಿಯಾಗಿದ್ದವರಿಗೆ ಸ್ವಲ್ಪ ದೊಡ್ಡ ಗಾಯ ಮಾಡಿ ಯಂತ್ರವಿಲ್ಲದೆ ತೆಗೆಯುತ್ತಾರೆ, ಅದೂ ಒಳ್ಳೆಯ ಪದ್ಧತಿಯೇ. ಈಗ ಆಯಿ ಬಲಗಣ್ಣಿನಿಂದ ಅಕ್ಕಿಯೊಳಗಿನ ಕಲ್ಲು ಆರಿಸುತ್ತಾರೆ. ಎಡಗಣ್ಣಿಗೆ ದಿನಾ ಹನಿ ಹಾಕುವ ಕೆಲಸ ನನ್ನದು. ಅದಕ್ಕೆ ಬರೀ ಕಿಟಕಿಯ ಬೆಳಕು ಮಾತ್ರ ಗೊತ್ತಾಗುತ್ತದೆ.

ನಾವು ಕಲಿಯಬೇಕಾದ್ದು

ಗೆಳೆಯರೇ, ಮೋದಿಯವರು ನಡೆದ ಕಾಲದಲ್ಲಿ ಹಳ್ಳಿಗೂ ದವಾಖಾನಿಗೂ ನಡುವೆ ದೂರ ಇತ್ತು. ಈಗ ಆ ದೂರ ಇಲ್ಲ. ಬಸ್ಸಿದೆ, ಜಿಲ್ಲಾ ಆಸ್ಪತ್ರೆ ಇದೆ. ನಮ್ಮ ದೇಶದಲ್ಲಿ 1976ರಿಂದ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಇದೆ, ಅದರಲ್ಲಿ ಬಡವರಿಗೆ ಪೊರೆ ಆಪರೇಶನ್ ಪುಕ್ಕಟೆ. ಆದರೂ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ವರ್ಷ ದಾಟಿದ ಕುರುಡರಲ್ಲಿ ನೂರಕ್ಕೆ 66 ಮಂದಿ ಪೊರೆಯಿಂದಲೇ ಕುರುಡರಾಗಿದ್ದರು. ಅಂದರೆ ಮೂವರಲ್ಲಿ ಇಬ್ಬರು ಕಾಣಬಹುದಾದವರು, ಆದರೂ ಕತ್ತಲೆಯಲ್ಲಿ ಕೂತಿದ್ದಾರೆ. ಈಗ ಉಳಿದದ್ದು ರಸ್ತೆಯ ದೂರ ಅಲ್ಲ. ಅಂಜಿಕೆ, ಆಮೇಲೆ ನೋಡೋಣ ಎನ್ನುವ ಮಾತು, ಮುದುಕರಾದ ಮೇಲೆ ಕಣ್ಣು ಯಾಕೆ ಎನ್ನುವ ತಾತ್ಸಾರ. ಇವನ್ನು ದಾಟಿಸುವ ಕೆಲಸಕ್ಕೆ ಡಾಕ್ಟರೇ ಬೇಕಿಲ್ಲ, ನಾವೂ ಮಾಡಬಹುದು.

ಕೆಲವರು ಪೊರೆ ಆಪರೇಶನ್ ಅಂದರೆ ಸತ್ತವರ ಕಣ್ಣು ತಂದು ಹಾಕುತ್ತಾರೆ ಅಂತ ಹೆದರುತ್ತಾರೆ. ಅದು ಬೇರೆ. ನೇತ್ರದಾನದಿಂದ ಬಂದ ಕಣ್ಣಿನ ಮುಂದಿನ ಕರಿ ಗುಡ್ಡೆಯ ಪಾರದರ್ಶಕ ಪದರವನ್ನು ಆ ಪದರ ಕೆಟ್ಟವರಿಗೆ ಹಾಕುತ್ತಾರೆ. ಪೊರೆಗೆ ಬೇರೆಯವರ ಕಣ್ಣು ಬೇಕಿಲ್ಲ. ಇದನ್ನು ಮನೆಯಲ್ಲಿ ತಿಳಿಸಿ ಹೇಳಿ.

ಇನ್ನೊಂದು ಸುಲಭ ಕೆಲಸ ಇದೆ. ಒಂದು ಕಣ್ಣು ಕೆಟ್ಟರೂ ಇನ್ನೊಂದು ಅದನ್ನು ಮುಚ್ಚಿಡುತ್ತದೆ, ನಮಗೇ ಗೊತ್ತಾಗುವುದಿಲ್ಲ. ಅದಕ್ಕೆ ನಿಮ್ಮ ಮನೆಯ ಹಿರಿಯರಿಗೆ ಒಂದು ಕಣ್ಣು ಅಂಗೈಯಿಂದ ಮುಚ್ಚಿಕೊಳ್ಳಲಿಕ್ಕೆ ಹೇಳಿ ಗೋಡೆಯ ಕ್ಯಾಲೆಂಡರ್ ತೋರಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡರಲ್ಲಿ ಫರಕು ಬಂದರೆ, ಇಲ್ಲವೇ ಎರಡೂ ಮಂಜಾಗಿದ್ದರೆ ಮರುದಿನವೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಲಿಕ್ಕೆ ಅಪ್ಪ ಅವ್ವನಿಗೆ ಹೇಳಿ. ಸುಗ್ಗಿ ಮತ್ತೆ ಬರುತ್ತದೆ, ಜಾತ್ರೆ ಮತ್ತೆ ಬರುತ್ತದೆ. ಒಣಗಿದ ನರ ಮತ್ತೆ ಚಿಗುರುವುದಿಲ್ಲ. ನೋವಿಲ್ಲ, ಕಾಣುತ್ತದೆ ಅಂತ ಹಿರಿಯರು ಅಂದರೂ ಬಿಡಬೇಡಿ. ಈ ಪರೀಕ್ಷೆಯಲ್ಲಿ ಒತ್ತಡ ಗೊತ್ತಾಗುವುದಿಲ್ಲ, ಆದ್ದರಿಂದ ನಲವತ್ತು ದಾಟಿದವರು ವರ್ಷಕ್ಕೆ ಒಂದು ಸಲವಾದರೂ ಕಣ್ಣು ತೋರಿಸಿಕೊಂಡು ಬರುವುದು ಒಳ್ಳೆಯದು.

ಬೀಳಗಿಯ ಮುರಿಗೆಪ್ಪನವರು ಒಂದು ಕೋಟಿ ಇಪ್ಪತ್ತೊಂದು ಲಕ್ಷ ಜನರ ಕಣ್ಣು ನೋಡಿದರು. ನಮ್ಮ ವರ್ಗದಲ್ಲಿ ನಾವು 42 ಮಂದಿ ಇದ್ದೇವೆ. ಒಬ್ಬೊಬ್ಬರು ನಮ್ಮ ಮನೆಯ ಇಬ್ಬರು ಹಿರಿಯರ ಕಣ್ಣು ನೋಡಿದರೆ 84 ಆಗುತ್ತದೆ. ಈ ರವಿವಾರ ನೋಡಿಕೊಂಡು ಬಂದು ಸೋಮವಾರ ವಿಜ್ಞಾನದ ಗುರುಗಳ ಹತ್ತಿರ ಬರೆಸೋಣ.